ಸಾಮಾಜಿಕ ಜಾಲತಾಣ ಮಾರ್ಕೆಟಿಂಗ್

ಸಾಮಾಜಿಕ ಜಾಲತಾಣ ಮಾರ್ಕೆಟಿಂಗ್ ಎಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್, ಯೂಟ್ಯೂಬ್, ಎಕ್ಸ್ ಮುಂತಾದ ಜಾಲತಾಣಗಳ ಮೂಲಕ ಸರಕು ಅಥವಾ ಸೇವೆಗೆ ಪ್ರಚಾರ ನೀಡುವ, ಗ್ರಾಹಕರೊಡನೆ ಸಂಪರ್ಕ ಇಟ್ಟುಕೊಳ್ಳುವ ಮತ್ತು ಮಾರಾಟಕ್ಕೆ ದಾರಿ ಮಾಡಿಕೊಳ್ಳುವ ವ್ಯಾಪಾರ ವಿಧಾನ. ಇದು ಡಿಜಿಟಲ್ ಮಾರ್ಕೆಟಿಂಗ್‌ನ ಒಂದು ಶಾಖೆ. ದೊಡ್ಡ ಕಂಪನಿಗಳಂತೆಯೇ ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಬೀಜ ಮಾರಾಟಗಾರ, ತರಬೇತಿ ಕೇಂದ್ರ ಹಾಗೂ ಸ್ವಸಹಾಯ ಸಂಘಗಳೂ ಇದನ್ನು ಬಳಸುತ್ತವೆ. ಕಡಿಮೆ ವೆಚ್ಚದಲ್ಲಿ ಆರಂಭಿಸಬಹುದಾದುದು ಇದರ ಮುಖ್ಯ ಅನುಕೂಲ. ಪ್ರಚಾರದ ವೇದಿಕೆ ವ್ಯಾಪಾರಿಯ ಸ್ವಂತದ್ದಲ್ಲ ಎಂಬುದು ಇದರ ಮುಖ್ಯ ಮಿತಿ. ಈ ಲೇಖನವು ವಿಧಾನದ ಇತಿಹಾಸ, ಕಾರ್ಯರೀತಿ ಮತ್ತು ಭಾರತದ ಕಾನೂನು ಚೌಕಟ್ಟನ್ನು ವಿವರಿಸಿ, ಕರ್ನಾಟಕದ, ವಿಶೇಷವಾಗಿ ರಾಯಚೂರು ಜಿಲ್ಲೆಯ ವ್ಯಾಪಾರ ಪರಿಸರದಲ್ಲಿ ಅದರ ಬಳಕೆಯನ್ನು ಪರಿಶೀಲಿಸುತ್ತದೆ.

## ಹಿನ್ನೆಲೆ

ಸಣ್ಣ ಊರುಗಳಲ್ಲಿ ವ್ಯಾಪಾರದ ಪ್ರಚಾರವು ಬಹುಕಾಲ ಗೋಡೆಬರಹ, ಕರಪತ್ರ, ಆಟೊರಿಕ್ಷಾಕ್ಕೆ ಕಟ್ಟಿದ ಧ್ವನಿವರ್ಧಕ, ಚಿತ್ರಮಂದಿರದ ಸ್ಲೈಡು, ಸ್ಥಳೀಯ ದಿನಪತ್ರಿಕೆ ಹಾಗೂ ಜಾತ್ರೆಯ ಮಳಿಗೆಗಳನ್ನು ಅವಲಂಬಿಸಿತ್ತು. ಈ ಎಲ್ಲ ಮಾಧ್ಯಮಗಳಲ್ಲಿ ಸಂದೇಶವು ವ್ಯಾಪಾರಿಯಿಂದ ಗ್ರಾಹಕನ ಕಡೆಗೆ ಮಾತ್ರ ಸಾಗುತ್ತದೆ. ಕರಪತ್ರವನ್ನು ಓದಿದವರೆಷ್ಟು, ಅದರಿಂದ ಅಂಗಡಿಗೆ ಬಂದವರೆಷ್ಟು ಎಂಬ ಲೆಕ್ಕ ಸಿಗುವುದಿಲ್ಲ.

ಸಾಮಾಜಿಕ ಜಾಲತಾಣಗಳು ಎರಡು ಬದಲಾವಣೆಗಳನ್ನು ತಂದವು. ಮೊದಲನೆಯದಾಗಿ, ಗ್ರಾಹಕನು ಪ್ರಶ್ನಿಸಲು, ದೂರಲು, ಹೊಗಳಲು ಮತ್ತು ಸಂದೇಶವನ್ನು ಇತರರಿಗೆ ರವಾನಿಸಲು ಅವಕಾಶ ಪಡೆದನು. ಎರಡನೆಯದಾಗಿ, ಪ್ರತಿ ವೀಕ್ಷಣೆ, ಕ್ಲಿಕ್ ಮತ್ತು ವಿಚಾರಣೆ ಅಂಕಿಗಳಲ್ಲಿ ದಾಖಲಾಗತೊಡಗಿತು. ಬಾಯಿಂದ ಬಾಯಿಗೆ ಹರಡುವ ಮಾತು ವ್ಯಾಪಾರದ ಅತ್ಯಂತ ಹಳೆಯ ಪ್ರಚಾರ. ಆ ಮಾತೇ ಈಗ ಬರಹ, ಚಿತ್ರ ಮತ್ತು ವಿಡಿಯೊ ರೂಪದಲ್ಲಿ ಉಳಿದುಕೊಳ್ಳುವುದರಿಂದ ಒಳ್ಳೆಯ ಹೆಸರಿನಷ್ಟೇ ಕೆಟ್ಟ ಹೆಸರೂ ಬೇಗ ಹಬ್ಬುತ್ತದೆ.

## ಇತಿಹಾಸ

2004ರಲ್ಲಿ ಆರಂಭವಾದ ಫೇಸ್‌ಬುಕ್ 2007ರ ನವೆಂಬರ್‌ನಲ್ಲಿ ವ್ಯಾಪಾರ ಸಂಸ್ಥೆಗಳಿಗಾಗಿ 'ಪೇಜ್' ಸೌಲಭ್ಯವನ್ನೂ ಹೊಸ ಜಾಹೀರಾತು ವ್ಯವಸ್ಥೆಯನ್ನೂ ಪರಿಚಯಿಸಿತು. ಸಂಸ್ಥೆಗಳು ಬಳಕೆದಾರರ ನಡುವೆ ತಾವೂ ಒಂದು ಖಾತೆಯಾಗಿ ಕಾಣಿಸಿಕೊಳ್ಳುವ ಪದ್ಧತಿ ಇದರಿಂದ ವ್ಯಾಪಕವಾಯಿತು. ಫೇಸ್‌ಬುಕ್ 2012ರಲ್ಲಿ ಇನ್‌ಸ್ಟಾಗ್ರಾಮನ್ನು, 2014ರಲ್ಲಿ ವಾಟ್ಸ್‌ಆ್ಯಪನ್ನು ಖರೀದಿಸಿತು. ಭಾರತದಲ್ಲಿ ಒಂದು ಕಾಲಕ್ಕೆ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು.

2016 ಭಾರತದ ಮಟ್ಟಿಗೆ ನಿರ್ಣಾಯಕ ವರ್ಷ. ಆ ವರ್ಷ ಯುಪಿಐ ಪಾವತಿ ವ್ಯವಸ್ಥೆ ಜಾರಿಗೆ ಬಂದಿತು. ಸೆಪ್ಟೆಂಬರ್ 5ರಂದು ಜಿಯೊ ದೂರಸಂಪರ್ಕ ಸೇವೆ ಆರಂಭವಾದ ಬಳಿಕ ಮೊಬೈಲ್ ಡೇಟಾದ ದರ ತೀವ್ರವಾಗಿ ಇಳಿಯಿತು. ಮಹಾನಗರಗಳಿಗೆ ಸೀಮಿತವಾಗಿದ್ದ ವಿಡಿಯೊ ವೀಕ್ಷಣೆ ತಾಲ್ಲೂಕು ಕೇಂದ್ರಗಳನ್ನೂ ಹಳ್ಳಿಗಳನ್ನೂ ತಲುಪಿತು. 2018ರ ಜನವರಿಯಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಣ್ಣ ವ್ಯಾಪಾರಿಗೆ ಅಂಗಡಿಯ ವಿಳಾಸ, ವೇಳೆ ಮತ್ತು ಸಿದ್ಧ ಉತ್ತರಗಳನ್ನು ಹಾಕಿಡುವ ಸೌಲಭ್ಯ ಒದಗಿಸಿತು. ಸರಕಿನ ಪಟ್ಟಿಯನ್ನು ಚಿತ್ರಸಹಿತ ತೋರಿಸುವ 'ಕ್ಯಾಟಲಾಗ್' ನಂತರ ಸೇರಿತು.

2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್ ಭಾರತದಲ್ಲಿ 'ರೀಲ್ಸ್' ಆರಂಭಿಸಿತು. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಅಂಗಡಿಗಳು ಮುಚ್ಚಿದ್ದಾಗ ದಿನಸಿ, ತರಕಾರಿ ಮತ್ತು ಹಣ್ಣಿನ ಬೇಡಿಕೆಯನ್ನು ವಾಟ್ಸ್‌ಆ್ಯಪ್ ಮೂಲಕ ಪಡೆಯುವ ರೂಢಿ ಬೆಳೆಯಿತು.

## ಕಾರ್ಯರೀತಿ

### ಉಚಿತ ತಲುಪುವಿಕೆ

ವ್ಯಾಪಾರಿಯು ಹಣ ಕೊಡದೆ ಹಾಕುವ ಚಿತ್ರ, ಬರಹ ಅಥವಾ ವಿಡಿಯೊ ಎಷ್ಟು ಜನರಿಗೆ ಕಾಣಬೇಕು ಎಂಬುದನ್ನು ಜಾಲತಾಣದ ಅಲ್ಗಾರಿದಮ್ ನಿರ್ಧರಿಸುತ್ತದೆ. ವೀಕ್ಷಕರು ಅದರ ಮುಂದೆ ಕಳೆದ ಸಮಯ, ಪ್ರತಿಕ್ರಿಯೆ ಮತ್ತು ಹಂಚಿಕೆಗಳು ಈ ನಿರ್ಧಾರದಲ್ಲಿ ಗಣನೆಗೆ ಬರುತ್ತವೆ. ಪೇಜ್‌ಗೆ ಹತ್ತು ಸಾವಿರ ಅನುಯಾಯಿಗಳಿದ್ದರೆ ಪ್ರತಿ ಪೋಸ್ಟ್ ಹತ್ತು ಸಾವಿರ ಜನರಿಗೆ ತಲುಪುತ್ತದೆ ಎಂದು ಭಾವಿಸುವುದು ತಪ್ಪು. 2018ರ ಜನವರಿಯಲ್ಲಿ ಫೇಸ್‌ಬುಕ್ ವ್ಯಾಪಾರ ಸಂಸ್ಥೆಗಳ ಪೋಸ್ಟ್‌ಗಳಿಗಿಂತ ಸ್ನೇಹಿತರು ಮತ್ತು ಕುಟುಂಬದವರ ಪೋಸ್ಟ್‌ಗಳಿಗೆ ಆದ್ಯತೆ ನೀಡುವುದಾಗಿ ಪ್ರಕಟಿಸಿದ ಮೇಲೆ ಉಚಿತ ತಲುಪುವಿಕೆ ಮತ್ತಷ್ಟು ಕುಗ್ಗಿತು.

### ಹಣ ಪಾವತಿಸಿದ ಜಾಹೀರಾತು

ಪಾವತಿ ಜಾಹೀರಾತು ಹರಾಜಿನ ತತ್ತ್ವದ ಮೇಲೆ ನಡೆಯುತ್ತದೆ. ಒಬ್ಬ ಬಳಕೆದಾರನಿಗೆ ಜಾಹೀರಾತು ತೋರಿಸುವ ಅವಕಾಶ ಬಂದಾಗ, ಅವನನ್ನು ತಲುಪಬಯಸುವ ಜಾಹೀರಾತುದಾರರ ನಡುವೆ ಕ್ಷಣಮಾತ್ರದಲ್ಲಿ ಸ್ಪರ್ಧೆ ಏರ್ಪಡುತ್ತದೆ. ಅತಿ ಹೆಚ್ಚು ಹಣ ಕೊಡಲು ಒಪ್ಪಿದವನೇ ಗೆಲ್ಲಬೇಕೆಂದಿಲ್ಲ. ಬಳಕೆದಾರನು ಅದಕ್ಕೆ ಸ್ಪಂದಿಸುವ ಸಾಧ್ಯತೆ ಮತ್ತು ಜಾಹೀರಾತಿನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತವೆ. ಜಾಹೀರಾತುದಾರನು ಸ್ಥಳ, ವಯಸ್ಸು, ಭಾಷೆ ಮತ್ತು ಆಸಕ್ತಿಯನ್ನು ಆಯ್ದುಕೊಳ್ಳಬಹುದು. ಒಂದು ಪಟ್ಟಣದ ಸುತ್ತಲಿನ ಕೆಲವೇ ಕಿಲೋಮೀಟರ್ ವ್ಯಾಪ್ತಿಗೆ ಪ್ರಚಾರವನ್ನು ಸೀಮಿತಗೊಳಿಸಲು ಸಾಧ್ಯವಿರುವುದು ಸಣ್ಣ ಅಂಗಡಿಗಳಿಗೆ ಅನುಕೂಲಕರ.

### ವಾಟ್ಸ್‌ಆ್ಯಪ್ ಬಳಕೆ

ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತರಿಗೆ ಪೋಸ್ಟ್ ತಾನಾಗಿ ಕಾಣಿಸುವುದಿಲ್ಲ. ಇಲ್ಲಿ ಪ್ರಚಾರವು ಪರಿಚಯದ ಮೇಲೆ ನಿಂತಿದೆ. 'ಸ್ಟೇಟಸ್' 24 ಗಂಟೆಗಳವರೆಗೆ ಉಳಿಯುತ್ತದೆ. 'ಬ್ರಾಡ್‌ಕಾಸ್ಟ್' ಪಟ್ಟಿಯ ಸಂದೇಶವು ವ್ಯಾಪಾರಿಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಸುಳ್ಳು ಸುದ್ದಿಯ ಹಾವಳಿ ತಡೆಯಲು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ರವಾನಿಸುವ ಮಿತಿಯನ್ನು ಹೇರಲಾಯಿತು. 2020ರಲ್ಲಿ ಅತಿಯಾಗಿ ರವಾನೆಯಾದ ಸಂದೇಶಗಳಿಗೆ ಆ ಮಿತಿಯನ್ನು ಒಂದು ಚಾಟ್‌ಗೆ ಇಳಿಸಲಾಯಿತು. ಈ ಕಾರಣಗಳಿಂದ, ಈಗಾಗಲೇ ಇರುವ ಗ್ರಾಹಕರನ್ನು ಉಳಿಸಿಕೊಳ್ಳಲು ವಾಟ್ಸ್‌ಆ್ಯಪ್, ಹೊಸಬರನ್ನು ತಲುಪಲು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಹೆಚ್ಚು ಉಪಯುಕ್ತವಾಗಿವೆ.

### ಪ್ರಭಾವಿಗಳ ಮೂಲಕ ಪ್ರಚಾರ

ಹೆಚ್ಚು ಅನುಯಾಯಿಗಳಿರುವ ವ್ಯಕ್ತಿಗಳು ಹಣ, ಉಚಿತ ಸರಕು ಅಥವಾ ಇತರ ಲಾಭ ಪಡೆದು ಸರಕಿನ ಬಗ್ಗೆ ವಿಡಿಯೊ ಮಾಡುವುದನ್ನು ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ಎನ್ನುತ್ತಾರೆ. ಚಲನಚಿತ್ರ ತಾರೆಯರಲ್ಲದೆ, ಒಂದು ಜಿಲ್ಲೆ ಅಥವಾ ಒಂದು ಆಡುಭಾಷೆಯಲ್ಲಿ ಮಾತ್ರ ಹೆಸರು ಮಾಡಿದವರೂ ಈ ವರ್ಗಕ್ಕೆ ಸೇರುತ್ತಾರೆ. ಸ್ಥಳೀಯ ವ್ಯಾಪಾರಕ್ಕೆ ಒಟ್ಟು ಅನುಯಾಯಿಗಳ ಸಂಖ್ಯೆಗಿಂತ, ಅವರಲ್ಲಿ ಅಂಗಡಿಗೆ ಬರಬಲ್ಲ ಅಂತರದಲ್ಲಿ ಇರುವವರೆಷ್ಟು ಎಂಬುದು ಮುಖ್ಯ.

## ವೆಚ್ಚ ಮತ್ತು ಲಾಭದ ಲೆಕ್ಕ

ಲೈಕ್ ಮತ್ತು ವೀಕ್ಷಣೆಗಳ ಸಂಖ್ಯೆ ಮಾರಾಟದ ಅಳತೆಯಲ್ಲ. ಒಬ್ಬ ಗ್ರಾಹಕನನ್ನು ಪಡೆಯಲು ತಗುಲಿದ ವೆಚ್ಚವನ್ನು ಆ ಗ್ರಾಹಕನಿಂದ ಬರುವ ಲಾಭದೊಂದಿಗೆ ಹೋಲಿಸಿದಾಗ ಮಾತ್ರ ಪ್ರಚಾರದ ಫಲ ತಿಳಿಯುತ್ತದೆ.

ಉದಾಹರಣೆಗೆ, ಸೀರೆ ಅಂಗಡಿಯೊಂದು ಜಾಹೀರಾತಿಗೆ 1,500 ರೂಪಾಯಿ ವ್ಯಯಿಸಿತೆಂದೂ, ಅದನ್ನು 30,000 ಬಾರಿ ವೀಕ್ಷಿಸಲಾಯಿತೆಂದೂ, 150 ಜನ ವಿಚಾರಿಸಿ 15 ಜನ ತಲಾ ಒಂದು ಸೀರೆ ಕೊಂಡರೆಂದೂ ಭಾವಿಸಬಹುದು. ಆಗ ಒಬ್ಬ ಗ್ರಾಹಕನಿಗೆ ತಗುಲಿದ ವೆಚ್ಚ 100 ರೂಪಾಯಿ. ಪ್ರತಿ ಸೀರೆಯಲ್ಲಿ 250 ರೂಪಾಯಿ ಲಾಭವಿದ್ದರೆ ಒಟ್ಟು 3,750 ರೂಪಾಯಿ ಬಂದು, ಜಾಹೀರಾತಿನ ವೆಚ್ಚ ಕಳೆದು 2,250 ರೂಪಾಯಿ ಉಳಿಯುತ್ತದೆ. ಅಷ್ಟೇ ವೀಕ್ಷಣೆಯಾಗಿಯೂ ಐವರು ಮಾತ್ರ ಕೊಂಡರೆ ಗ್ರಾಹಕನೊಬ್ಬನಿಗೆ 300 ರೂಪಾಯಿ ವೆಚ್ಚವಾಗಿ, ಪ್ರತಿ ಸೀರೆಯ ಮೇಲೆ 50 ರೂಪಾಯಿ ನಷ್ಟವಾಗುತ್ತದೆ. ವೀಕ್ಷಣೆಯ ಅಂಕಿಯಲ್ಲಿ ಎರಡೂ ಪ್ರಚಾರಗಳು ಸಮಾನವಾಗಿ ಯಶಸ್ವಿಯಾದಂತೆ ತೋರುತ್ತವೆ.

ಜಾಹೀರಾತು ಸೇವೆಯ ಮೇಲೆ ಶೇ. 18 ಜಿಎಸ್‌ಟಿ, ಸಾಗಣೆ ವೆಚ್ಚ, ಹಿಂದಿರುಗಿ ಬಂದ ಸರಕು ಹಾಗೂ ಸಂದೇಶಗಳಿಗೆ ಉತ್ತರಿಸುವವರ ಸಮಯವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಮೊದಲ ಖರೀದಿಯಲ್ಲಿ ನಷ್ಟವಾದರೂ ಗ್ರಾಹಕನು ಮತ್ತೆ ಮತ್ತೆ ಬರುವ ವ್ಯಾಪಾರಗಳಲ್ಲಿ ಈ ವಿಧಾನ ಲಾಭ ತರಬಹುದು. ಒಮ್ಮೆ ಮಾತ್ರ ಕೊಳ್ಳುವ ಸರಕಿಗೆ ಆ ಅವಕಾಶವಿಲ್ಲ.

## ಕರ್ನಾಟಕದ ನಿದರ್ಶನಗಳು

### ಮೀಶೋ ಮತ್ತು ಕೂ

2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೋ, ಸಾಮಾಜಿಕ ಜಾಲತಾಣದ ಮೂಲಕ ನಡೆಯುವ ಮರುಮಾರಾಟವನ್ನೇ ಆಧಾರವಾಗಿಸಿಕೊಂಡಿತು. ಮರುಮಾರಾಟಗಾರರು ಸರಕಿನ ಚಿತ್ರಗಳನ್ನು ತಮ್ಮ ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್ ಬಳಗದಲ್ಲಿ ಹಂಚಿ, ಬಂದ ಬೇಡಿಕೆಯನ್ನು ಆ್ಯಪ್‌ನಲ್ಲಿ ದಾಖಲಿಸಿ, ಬೆಲೆಯ ವ್ಯತ್ಯಾಸವನ್ನು ಲಾಭವಾಗಿ ಪಡೆಯುತ್ತಿದ್ದರು. ಬಂಡವಾಳ ಹೂಡಿ ಸರಕು ದಾಸ್ತಾನು ಮಾಡಬೇಕಾದ ಅಗತ್ಯ ಇರಲಿಲ್ಲವಾದ್ದರಿಂದ ಗೃಹಿಣಿಯರು ಹೆಚ್ಚಿನ ಸಂಖ್ಯೆಯಲ್ಲಿ ಇದರಲ್ಲಿ ತೊಡಗಿದರು.

ಬೆಂಗಳೂರಿನದೇ ಆದ ಕೂ ಜಾಲತಾಣ 2020ರಲ್ಲಿ ಕನ್ನಡದಿಂದ ಆರಂಭಗೊಂಡು ಇತರ ಭಾರತೀಯ ಭಾಷೆಗಳಿಗೆ ವಿಸ್ತರಿಸಿತು. 2024ರ ಜುಲೈನಲ್ಲಿ ಅದು ಸ್ಥಗಿತಗೊಂಡಾಗ ಅಲ್ಲಿ ಅನುಯಾಯಿಗಳನ್ನು ಗಳಿಸಿದ್ದ ಖಾತೆಗಳಿಗೆ ಆ ಬಳಗವನ್ನು ಬೇರೆಡೆಗೆ ಕೊಂಡೊಯ್ಯುವ ದಾರಿ ಇರಲಿಲ್ಲ.

### ನಂದಿನಿ ಮತ್ತು ಅಮುಲ್

2023ರ ಏಪ್ರಿಲ್ 5ರಂದು ಗುಜರಾತಿನ ಅಮುಲ್ ಸಂಸ್ಥೆಯು ಬೆಂಗಳೂರಿನಲ್ಲಿ ತಾಜಾ ಹಾಲು ಮತ್ತು ಮೊಸರನ್ನು ಆನ್‌ಲೈನ್ ಮೂಲಕ ಪೂರೈಸುವುದಾಗಿ ಟ್ವಿಟರ್‌ನಲ್ಲಿ ಪ್ರಕಟಿಸಿತು. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಬ್ರಾಂಡಿಗೆ ಇದರಿಂದ ಧಕ್ಕೆಯಾಗುತ್ತದೆ ಎಂಬ ಆತಂಕದಿಂದ 'ಸೇವ್ ನಂದಿನಿ' ಮತ್ತು 'ಗೋ ಬ್ಯಾಕ್ ಅಮುಲ್' ಹ್ಯಾಶ್‌ಟ್ಯಾಗ್‌ಗಳು ಹರಡಿದವು. ಬೃಹತ್ ಬೆಂಗಳೂರು ಹೋಟೆಲುಗಳ ಸಂಘವು ನಂದಿನಿ ಹಾಲನ್ನೇ ಬಳಸುವುದಾಗಿ ಘೋಷಿಸಿತು. ಮುಂದಿನ ತಿಂಗಳು ನಡೆಯಲಿದ್ದ ವಿಧಾನಸಭಾ ಚುನಾವಣೆಯಲ್ಲಿ ಇದು ಚರ್ಚೆಯ ವಿಷಯವಾಯಿತು. ನಂದಿನಿಯ ಹಿಂದೆ ಜಿಲ್ಲಾ ಹಾಲು ಒಕ್ಕೂಟಗಳಿವೆ. ರಾಯಚೂರು, ಬಳ್ಳಾರಿ ಮತ್ತು ಕೊಪ್ಪಳ ಭಾಗದ ಉತ್ಪಾದಕರ ಒಕ್ಕೂಟ ಅವುಗಳಲ್ಲೊಂದು. ಸಂಸ್ಥೆಯೊಂದರ ಸಾಮಾನ್ಯ ಪ್ರಚಾರ ಸಂದೇಶಕ್ಕೆ ಸ್ಥಳೀಯರ ಭಾವನೆ ಮತ್ತು ಜೀವನೋಪಾಯ ಎದುರಾದಾಗ, ಸಂದೇಶದ ಮೇಲಿನ ಹಿಡಿತ ಜಾಹೀರಾತುದಾರನ ಕೈಯಲ್ಲಿ ಉಳಿಯುವುದಿಲ್ಲ ಎಂಬುದಕ್ಕೆ ಈ ಪ್ರಕರಣ ನಿದರ್ಶನ.

### ಕಲಬುರಗಿ ರೊಟ್ಟಿ

ಕಲ್ಯಾಣ ಕರ್ನಾಟಕದ ಊಟದ ಮುಖ್ಯ ಭಾಗವಾದ ಜೋಳದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಬ್ರಾಂಡ್ ಹೆಸರಿನಲ್ಲಿ ಮಾರುವ ಪ್ರಯತ್ನ ಕಲಬುರಗಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರಿಂದ, ಜಿಲ್ಲಾಡಳಿತದ ಬೆಂಬಲದೊಂದಿಗೆ ನಡೆದಿದೆ. ರೊಟ್ಟಿಗೆ ಆನ್‌ಲೈನ್ ಮೂಲಕವೂ ಬೇಡಿಕೆ ಪಡೆಯಲಾಗುತ್ತದೆ. 2025ರ ಜೂನ್ 29ರ 'ಮನ್ ಕಿ ಬಾತ್' ಬಾನುಲಿ ಕಾರ್ಯಕ್ರಮದಲ್ಲಿ ಇದರ ಉಲ್ಲೇಖವಾಯಿತು. ಬಿಡಿ ಮನೆಗಳಲ್ಲಿ ತಯಾರಾಗುವ ಪದಾರ್ಥಕ್ಕೆ ಒಂದೇ ಹೆಸರು ಮತ್ತು ಒಂದೇ ಗುಣಮಟ್ಟ ದೊರೆತರೆ ದೂರದ ನಗರದ ಗ್ರಾಹಕರನ್ನು ತಲುಪಬಹುದು ಎಂಬುದನ್ನು ಇದು ತೋರಿಸುತ್ತದೆ.

## ರಾಯಚೂರು ಜಿಲ್ಲೆಯ ಸಂದರ್ಭ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆ ಕಲ್ಯಾಣ ಕರ್ನಾಟಕ ವಿಭಾಗಕ್ಕೆ ಸೇರಿದೆ. ನೀತಿ ಆಯೋಗವು 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 19.28 ಲಕ್ಷ, ಸಾಕ್ಷರತೆ ಶೇ. 59.56. ಬರಹಕ್ಕಿಂತ ಧ್ವನಿ ಮತ್ತು ವಿಡಿಯೊ ಇಲ್ಲಿ ಹೆಚ್ಚು ಜನರನ್ನು ತಲುಪಬಲ್ಲವು ಎಂಬುದಕ್ಕೆ ಈ ಅಂಕಿಯೇ ಕಾರಣ. ಓದು ಬಾರದ ಗ್ರಾಹಕನು ಧ್ವನಿ ಸಂದೇಶದಲ್ಲಿ ಬೆಲೆ ಕೇಳಬಲ್ಲನು. ಆದರೆ ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಷರತ್ತುಗಳನ್ನು ಅವನು ಪರಿಶೀಲಿಸಲಾರನು.

ಆಂಧ್ರಪ್ರದೇಶ ಮತ್ತು ತೆಲಂಗಾಣಗಳಿಗೆ ಹೊಂದಿಕೊಂಡಿರುವುದರಿಂದ ಜಿಲ್ಲೆಯಲ್ಲಿ ಕನ್ನಡದೊಂದಿಗೆ ತೆಲುಗು ಮತ್ತು ಉರ್ದು ಬಳಕೆಯೂ ಇದೆ. ಕನ್ನಡದಲ್ಲಿ ಮಾತ್ರ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಮಾಡಿದ ಪ್ರಚಾರ ಗ್ರಾಹಕರ ಒಂದು ಭಾಗವನ್ನು ಬಿಟ್ಟುಬಿಡುತ್ತದೆ. ಚಿತ್ರದೊಳಗೆ ಬರೆದ ಕನ್ನಡಕ್ಕಿಂತ ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡವನ್ನು ಹುಡುಕುವುದು, ನಕಲಿಸುವುದು ಮತ್ತು ಅನುವಾದಿಸುವುದು ಸುಲಭ. ಅಂಗಡಿಯ ಹೆಸರು, ಊರು ಮತ್ತು ಸರಕನ್ನು ಪಠ್ಯವಾಗಿಯೇ ಬರೆಯುವುದು ಈ ದೃಷ್ಟಿಯಿಂದ ಪ್ರಯೋಜನಕಾರಿ.

### ರಾಯಚೂರು ನಗರ

ರಾಯಚೂರು ನಗರವು ಮುಂಬಯಿ–ಚೆನ್ನೈ ರೈಲು ಮಾರ್ಗದಲ್ಲಿರುವ ವ್ಯಾಪಾರ ಕೇಂದ್ರ. ರಾಜೇಂದ್ರ ಗಂಜ್ ಕೃಷಿ ಉತ್ಪನ್ನ ಮಾರುಕಟ್ಟೆ, ಹತ್ತಿ ಜಿನ್ನಿಂಗ್ ಘಟಕಗಳು ಮತ್ತು ಅಕ್ಕಿ ಗಿರಣಿಗಳು ನಗರದ ವ್ಯಾಪಾರದ ಬೆನ್ನೆಲುಬು. ಗಿರಣಿ ಮತ್ತು ಸಗಟು ವ್ಯಾಪಾರದಲ್ಲಿ ದಲಾಲರು, ವರ್ತಕರು ಮತ್ತು ಸಾಲದ ಸಂಬಂಧಗಳೇ ಪ್ರಧಾನವಾದ್ದರಿಂದ ಜಾಲತಾಣದ ಜಾಹೀರಾತಿನ ಪಾತ್ರ ಕಡಿಮೆ. ಬಟ್ಟೆ, ಚಿನ್ನಾಭರಣ, ಮೊಬೈಲ್, ಹೋಟೆಲ್, ಖಾಸಗಿ ಆಸ್ಪತ್ರೆ, ನಿವೇಶನ ಮತ್ತು ತರಬೇತಿ ಕೇಂದ್ರಗಳಂತಹ, ಗ್ರಾಹಕನಿಗೆ ನೇರವಾಗಿ ಮಾರುವ ವ್ಯವಹಾರಗಳಿಗೆ ಅದು ಹೆಚ್ಚು ಹೊಂದುತ್ತದೆ.

ತರಬೇತಿ ಕೇಂದ್ರಗಳ ಪ್ರಚಾರ ವಿದ್ಯಾರ್ಥಿಗಳ ಮೇಲೆ ನೇರ ಪರಿಣಾಮ ಬೀರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್ 13ರಂದು ಹೊರಡಿಸಿದ ಮಾರ್ಗಸೂಚಿಯಂತೆ, ಆಯ್ಕೆ ಅಥವಾ ಉದ್ಯೋಗ ಖಚಿತವೆಂದು ಸುಳ್ಳು ಭರವಸೆ ನೀಡುವಂತಿಲ್ಲ. ಯಶಸ್ವಿ ಅಭ್ಯರ್ಥಿಯ ಹೆಸರು ಮತ್ತು ಭಾವಚಿತ್ರವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ. ಆ ಒಪ್ಪಿಗೆಯನ್ನು ಅಭ್ಯರ್ಥಿ ಯಶಸ್ಸು ಗಳಿಸಿದ ನಂತರವೇ ಪಡೆಯಬೇಕು. ಅವರು ಯಾವ ಕೋರ್ಸಿಗೆ ಸೇರಿದ್ದರು ಎಂಬುದನ್ನೂ ತಿಳಿಸಬೇಕು. ಕೇವಲ ಸಂದರ್ಶನದ ಮಾರ್ಗದರ್ಶನ ಪಡೆದವರನ್ನು ಪೂರ್ಣಾವಧಿ ತರಬೇತಿ ಪಡೆದವರೆಂದು ತೋರಿಸುವ ಪದ್ಧತಿಗೆ ತಡೆ ಒಡ್ಡುವುದು ಇದರ ಉದ್ದೇಶ.

### ಮಾನ್ವಿ

ಮಾನ್ವಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿಗೆ ಸೇರಿದ್ದು, ಭತ್ತ ಇಲ್ಲಿನ ಮುಖ್ಯ ಬೆಳೆಗಳಲ್ಲೊಂದು. ಈ ಭಾಗದ ಸೋನಾ ಮಸೂರಿ ಅಕ್ಕಿಗೆ ರಾಜ್ಯದ ಹೊರಗೂ ಬೇಡಿಕೆಯಿದೆ. ಬೆಂಗಳೂರು ಅಥವಾ ಹೈದರಾಬಾದಿನ ಕುಟುಂಬವೊಂದು ಜಾಲತಾಣದ ಮೂಲಕ ನೇರವಾಗಿ ಅಕ್ಕಿ ತರಿಸಿಕೊಂಡರೆ ಮಧ್ಯವರ್ತಿಗಳ ಪಾಲು ಕಡಿಮೆಯಾಗುತ್ತದೆ. ಆದರೆ ಅಕ್ಕಿ ತೂಕದ ಸರಕಾದ್ದರಿಂದ, ಬಿಡಿ ಚೀಲದ ಸಾಗಣೆ ವೆಚ್ಚವು ಈ ಉಳಿತಾಯವನ್ನು ನುಂಗಿಹಾಕಬಲ್ಲದು. ಒಂದು ಬಡಾವಣೆ ಅಥವಾ ವಸತಿ ಸಮುಚ್ಚಯದ ಬೇಡಿಕೆಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಟ್ಟುಗೂಡಿಸಿ ಒಂದೇ ವಾಹನದಲ್ಲಿ ಕಳುಹಿಸುವುದು ಇದಕ್ಕಿರುವ ಪರಿಹಾರ.

ನೇರ ಮಾರಾಟಕ್ಕೆ ಇಳಿಯುವ ಗಿರಣಿ ಅಥವಾ ರೈತ ಉತ್ಪಾದಕ ಸಂಸ್ಥೆಗೆ ತೆರಿಗೆಯ ನಿಯಮಗಳೂ ಎದುರಾಗುತ್ತವೆ. 2022ರ ಜುಲೈ 18ರಿಂದ 25 ಕಿಲೋಗ್ರಾಂವರೆಗಿನ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಅನ್ವಯಿಸುತ್ತದೆ. ಇದರ ಬಳಿಕ ಮಾರುಕಟ್ಟೆಯಲ್ಲಿ 26 ಕಿಲೋಗ್ರಾಂ ಚೀಲಗಳು ಕಾಣಿಸಿಕೊಂಡವು. ರಾಜ್ಯದೊಳಗೆ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದೆ. ತೆರಿಗೆಗೆ ಒಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಸಾಮಾನ್ಯವಾಗಿ ಈ ವಿನಾಯಿತಿ ದೊರೆಯುವುದಿಲ್ಲ. ಗಡಿ ಜಿಲ್ಲೆಯ ವ್ಯಾಪಾರಿಗೆ ತೆಲಂಗಾಣದ ಪಟ್ಟಣವು ಬೆಂಗಳೂರಿಗಿಂತ ಹತ್ತಿರವಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಆ ಮಾರಾಟ ಅಂತರರಾಜ್ಯ ವ್ಯವಹಾರವೇ ಆಗಿರುತ್ತದೆ.

### ದೇವದುರ್ಗ

ಕೃಷ್ಣಾ ನದಿಯ ದಂಡೆಯಲ್ಲಿರುವ ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುತ್ತದೆ. ನೀರಾವರಿಯೊಂದಿಗೆ ಮಳೆಯಾಶ್ರಿತ ಬೇಸಾಯವೂ ಇದ್ದು, ದುಡಿಮೆಗಾಗಿ ಬೆಂಗಳೂರು ಮೊದಲಾದ ನಗರಗಳಿಗೆ ಗುಳೆ ಹೋಗುವುದು ಈ ತಾಲ್ಲೂಕಿನ ಹಲವು ಕುಟುಂಬಗಳಿಗೆ ಅನಿವಾರ್ಯ. ಊರಿನ ವಾಟ್ಸ್‌ಆ್ಯಪ್ ಗುಂಪುಗಳು ಹೀಗೆ ಹೊರಗಿರುವವರನ್ನೂ ಒಳಗೊಳ್ಳುವುದರಿಂದ, ಸ್ಥಳೀಯ ಅಂಗಡಿಯ ಪ್ರಚಾರ ನಗರದಲ್ಲಿರುವ ದುಡಿಯುವ ಕೈಗೂ ಊರಿನಲ್ಲಿರುವ ಮನೆಗೂ ಒಟ್ಟಿಗೆ ತಲುಪುತ್ತದೆ. ನಗರದಿಂದ ಯುಪಿಐ ಮೂಲಕ ಹಣ ಕಳುಹಿಸಿ ಊರಿನ ಅಂಗಡಿಯಿಂದ ಮನೆಗೆ ಸರಕು ಕೊಡಿಸುವುದು ಇದರಿಂದ ಸಾಧ್ಯವಾಗುತ್ತದೆ.

ಹತ್ತಿ ಬೆಳೆಯುವ ಪ್ರದೇಶಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಬೀಜ ಮತ್ತು ಕೀಟನಾಶಕಗಳ ಪ್ರಚಾರ. ಸೀರೆ ಚೆನ್ನಾಗಿಲ್ಲದಿದ್ದರೆ ಅದರ ಬೆಲೆಯಷ್ಟೇ ನಷ್ಟ. ಬೀಜ ಕಳಪೆಯಾದರೆ ಉಳುಮೆ, ಗೊಬ್ಬರ, ಕೂಲಿ ಮತ್ತು ಇಡೀ ಹಂಗಾಮು ವ್ಯರ್ಥವಾಗುತ್ತದೆ. ಬೀಜ (ನಿಯಂತ್ರಣ) ಆದೇಶ, 1983ರಂತೆ ಬೀಜ ಮಾರಾಟಕ್ಕೆ ಪರವಾನಗಿ ಕಡ್ಡಾಯ. ಭಾರತದಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆತಿದೆ. ಕಳೆನಾಶಕ ಸಹಿಷ್ಣು ಬಿಟಿ ಹತ್ತಿಗೆ ಅನುಮತಿ ಇಲ್ಲ. ಆದ್ದರಿಂದ 'ಕಳೆ ತೆಗೆಯುವ ಕೂಲಿ ಉಳಿಯುತ್ತದೆ' ಎಂಬ ಭರವಸೆಯೊಂದಿಗೆ ಇಂತಹ ಬೀಜವನ್ನು ಜಾಲತಾಣದಲ್ಲಿ ಮಾರುವುದು ಕಾನೂನುಬಾಹಿರ.

2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ, ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು ತೀರ್ಪು ನೀಡಿತು. ಕಳಪೆ ಬೀಜದಿಂದಾದ ನಷ್ಟಕ್ಕೆ ರೈತನು ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳಬಹುದು. ಆದರೆ ರಸೀದಿ, ಬೀಜದ ಚೀಲ ಮತ್ತು ಅದರ ಮೇಲಿನ ಲಾಟ್ ಸಂಖ್ಯೆ ಇಲ್ಲದಿದ್ದರೆ ದೂರನ್ನು ಸಾಬೀತುಪಡಿಸುವುದು ಕಷ್ಟ. ಅಪರಿಚಿತ ಖಾತೆಗೆ ಹಣ ಕಳುಹಿಸಿ ತರಿಸಿದ ಬೀಜಕ್ಕೆ ಇವು ಇರುವುದು ವಿರಳ. ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳು ಮತ್ತು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಬೀಜ ಹಾಗೂ ಔಷಧದ ಕುರಿತ ಸಲಹೆಗೆ ಲಭ್ಯವಿರುವ ಸಾರ್ವಜನಿಕ ಸಂಸ್ಥೆಗಳು. ಗುಂಪುಗಳಲ್ಲಿ ಹರಿದಾಡುವ ಮಾರುಕಟ್ಟೆ ಧಾರಣೆಯನ್ನು ರಾಜ್ಯ ಕೃಷಿ ಮಾರಾಟ ಮಂಡಳಿಯ 'ಕೃಷಿ ಮಾರಾಟ ವಾಹಿನಿ' ಪ್ರಕಟಿಸುವ ದರದೊಂದಿಗೆ ಹೋಲಿಸಿ ನೋಡಬಹುದು.

## ಕಾನೂನು ಚೌಕಟ್ಟು

ಜಾಲತಾಣದಲ್ಲಿ ಹಾಕಿದ ಪೋಸ್ಟ್ ಕೂಡ ಜಾಹೀರಾತಿನ ವ್ಯಾಖ್ಯೆಗೆ ಒಳಪಡುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕ ಅಥವಾ ಪ್ರಚಾರಕನ ಮೇಲೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಪ್ರಚಾರಕನಿಗೆ ಮೊದಲ ಬಾರಿ ಒಂದು ವರ್ಷದವರೆಗೆ, ನಂತರ ಮೂರು ವರ್ಷದವರೆಗೆ ಪ್ರಚಾರ ಕಾರ್ಯದಿಂದ ನಿಷೇಧ ಹೇರಲು ಅವಕಾಶವಿದೆ. ಹೇಳಿಕೆಯ ಸತ್ಯಾಸತ್ಯತೆಯನ್ನು ತಕ್ಕ ಎಚ್ಚರದಿಂದ ಪರಿಶೀಲಿಸಿದ್ದ ಪ್ರಚಾರಕನಿಗೆ ಕಾಯ್ದೆ ರಕ್ಷಣೆ ನೀಡುತ್ತದೆ.

ಈ ವಿಧಾನಕ್ಕೆ ಅನ್ವಯಿಸುವ ಇತರ ಮುಖ್ಯ ನಿಯಮಗಳು ಹೀಗಿವೆ:

* ಪಾವತಿ ಪ್ರಚಾರದ ಘೋಷಣೆ: ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಗೆ ಬಂದಿತು. ಹಣ ಅಥವಾ ಇತರ ಲಾಭ ಪಡೆದು ಮಾಡಿದ ಪೋಸ್ಟ್ ಜಾಹೀರಾತು ಎಂಬುದನ್ನು ಎದ್ದು ಕಾಣುವಂತೆ ತಿಳಿಸಬೇಕು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್ ಮತ್ತು 2023ರ ಜನವರಿಯ ಮಾರ್ಗಸೂಚಿಗಳೂ ಇದನ್ನೇ ಬಯಸುತ್ತವೆ.
* ಇ-ವಾಣಿಜ್ಯ ನಿಯಮಗಳು, 2020: ಆನ್‌ಲೈನ್ ಮಾರಾಟ ಸಂಸ್ಥೆಯು ತನ್ನ ಹೆಸರು, ವಿಳಾಸ ಮತ್ತು ದೂರು ಅಧಿಕಾರಿಯ ವಿವರ ನೀಡಬೇಕು. ದೂರು ಬಂದುದನ್ನು 48 ಗಂಟೆಗಳಲ್ಲಿ ದೃಢಪಡಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು.
* ಆಹಾರ ಪದಾರ್ಥ: ಮನೆಯಲ್ಲಿ ತಯಾರಿಸಿ ಮಾರುವ ಉಪ್ಪಿನಕಾಯಿ, ಹಪ್ಪಳ, ರೊಟ್ಟಿಗಳಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು. ಅದರ ಸಂಖ್ಯೆ 14 ಅಂಕಿಗಳದ್ದು.
* ಜೂಜಿನ ಪ್ರಚಾರ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುತ್ತದೆ.
* ವೈಯಕ್ತಿಕ ದತ್ತಾಂಶ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗ್ರಾಹಕನ ಒಪ್ಪಿಗೆಗೆ ಮಹತ್ವ ನೀಡುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೊಳ್ಳುತ್ತವೆ.

ಸರಕು ಅಥವಾ ಸೇವೆಯ ಕುರಿತ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆನ್‌ಲೈನ್ ಹಣಕಾಸು ವಂಚನೆಯನ್ನು 1930 ಸಂಖ್ಯೆಗೆ ತಕ್ಷಣ ತಿಳಿಸಿದರೆ ಹಣ ಮುಂದಕ್ಕೆ ವರ್ಗಾವಣೆಯಾಗುವುದನ್ನು ತಡೆಯುವ ಸಾಧ್ಯತೆ ಹೆಚ್ಚು.

## ಮಿತಿಗಳು ಮತ್ತು ಟೀಕೆ

ವೇದಿಕೆಯ ಮೇಲಿನ ಅವಲಂಬನೆ. ಜಾಲತಾಣದ ಪೇಜ್ ಬಾಡಿಗೆ ಅಂಗಡಿಯಿದ್ದಂತೆ, ಅದರ ನಿಯಮಗಳನ್ನು ಮಾಲೀಕರು ಬದಲಿಸಬಲ್ಲರು. ಆರ್ಕುಟ್ ಮತ್ತು ಕೂ ಮುಚ್ಚಿದಾಗ ಹಾಗೂ ಟಿಕ್‌ಟಾಕ್ ನಿಷೇಧಗೊಂಡಾಗ ಅಲ್ಲಿನ ಅನುಯಾಯಿಗಳು ಕೈತಪ್ಪಿದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಸ್ಥಗಿತಗೊಂಡವು. ಮೂರೂ ಒಂದೇ ಕಂಪನಿಯ ಒಡೆತನದಲ್ಲಿರುವುದರಿಂದ, ಮೂರರಲ್ಲೂ ಖಾತೆ ಹೊಂದಿದ್ದ ವ್ಯಾಪಾರಿಗೂ ಆ ಹೊತ್ತಿನಲ್ಲಿ ಪರ್ಯಾಯ ಉಳಿಯಲಿಲ್ಲ. ಗ್ರಾಹಕರ ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಂದ ಸ್ವಂತ ಪುಸ್ತಕದಲ್ಲಿ ಇಟ್ಟುಕೊಳ್ಳುವುದು ಈ ಅಪಾಯವನ್ನು ತಗ್ಗಿಸುತ್ತದೆ.

ವಂಚನೆ. ಹೆಸರುವಾಸಿ ಅಂಗಡಿಯ ಚಿಹ್ನೆ ಮತ್ತು ಚಿತ್ರಗಳನ್ನು ನಕಲು ಮಾಡಿ ನಕಲಿ ಪೇಜ್ ತೆರೆಯುವುದು, ಮುಂಗಡ ಹಣ ಪಡೆದು ಸರಕು ಕಳುಹಿಸದಿರುವುದು, ಹಣ ಪಡೆಯಲು ಯುಪಿಐ ಪಿನ್ ಹಾಕಬೇಕೆಂದು ನಂಬಿಸುವುದು ಸಾಮಾನ್ಯ ವಿಧಾನಗಳು. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು, ಪಡೆಯಲು ಅಲ್ಲ. ಮಾರಾಟಗಾರರೂ ನಕಲಿ ಪಾವತಿ ಚಿತ್ರಗಳಿಂದ ಮೋಸ ಹೋಗುತ್ತಾರೆ.

ಕೃತಕ ಜನಪ್ರಿಯತೆ. ಹಣ ಕೊಟ್ಟು ಕೊಂಡ ಅನುಯಾಯಿಗಳು ಮತ್ತು ವಿಮರ್ಶೆಗಳು ಗ್ರಾಹಕನನ್ನು ದಾರಿ ತಪ್ಪಿಸುತ್ತವೆ. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಪ್ರಕಟಿಸಿತು.

ಅಸಮಾನ ಪ್ರಯೋಜನ. ಸ್ಮಾರ್ಟ್‌ಫೋನ್, ಓದುಬರಹ ಮತ್ತು ಸಮಯ ಇರುವವರಿಗೆ ಈ ವಿಧಾನ ಹೆಚ್ಚು ಅನುಕೂಲಕರ. ಮನೆಗೆ ಒಂದೇ ಫೋನ್ ಇದ್ದು ಅದು ಗಂಡಸರ ಬಳಿ ಇರುವಲ್ಲಿ, ಸರಕು ತಯಾರಿಸುವ ಮಹಿಳೆಗೆ ಗ್ರಾಹಕನ ಮಾತು ನೇರವಾಗಿ ತಲುಪುವುದಿಲ್ಲ. ಸ್ವಸಹಾಯ ಸಂಘವು ತನ್ನದೇ ಸಂಖ್ಯೆ ಮತ್ತು ಖಾತೆಯನ್ನು ಹೊಂದುವುದು ಈ ಕಾರಣಕ್ಕೆ ಮುಖ್ಯವೆನಿಸುತ್ತದೆ.

ಸ್ಥಳೀಯ ಮಾರುಕಟ್ಟೆಯ ಮೇಲಿನ ಪರಿಣಾಮ. ರಾಯಚೂರಿನ ಅಂಗಡಿಗೆ ದೂರದ ಗ್ರಾಹಕನನ್ನು ತಲುಪಿಸುವ ಜಾಲತಾಣವೇ ಸೂರತ್ ಅಥವಾ ದೆಹಲಿಯ ಮಾರಾಟಗಾರನನ್ನು ದೇವದುರ್ಗದ ಗ್ರಾಹಕನಿಗೆ ತಲುಪಿಸುತ್ತದೆ. ಬೆಲೆಯಲ್ಲಿ ಅವರೊಡನೆ ಸ್ಪರ್ಧಿಸುವುದು ಸಣ್ಣ ಅಂಗಡಿಗೆ ಕಷ್ಟ. ಸರಕನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ, ಉದ್ರಿ, ದುರಸ್ತಿ, ಬದಲಿ ಕೊಡುವ ಸೌಲಭ್ಯ ಮತ್ತು ಪರಿಚಯದ ವಿಶ್ವಾಸ ಅದರ ಬಲಗಳು. ಪ್ರಚಾರವು ಗ್ರಾಹಕನನ್ನು ಬಾಗಿಲವರೆಗೆ ಕರೆತರಬಲ್ಲದು. ಅವನು ಎರಡನೆಯ ಬಾರಿ ಬರುವುದು ಕೊಟ್ಟ ಸರಕು ಮತ್ತು ನಡೆಸಿಕೊಟ್ಟ ಮಾತಿನ ಮೇಲೆ ನಿಂತಿದೆ.

## ಇವನ್ನೂ ನೋಡಿ

* ಡಿಜಿಟಲ್ ಮಾರ್ಕೆಟಿಂಗ್
* ಜಾಹೀರಾತು
* ಗ್ರಾಹಕ ಸಂರಕ್ಷಣಾ ಕಾಯ್ದೆ, 2019
* ಏಕೀಕೃತ ಪಾವತಿ ವ್ಯವಸ್ಥೆ
* ಸ್ವಸಹಾಯ ಸಂಘ
* ಕರ್ನಾಟಕ ಹಾಲು ಮಹಾಮಂಡಳ
* ರಾಯಚೂರು ಜಿಲ್ಲೆ